ಸೀಬೆ ಗಿಡದ ಕೆಳಗಿನ ಕೊಂಬೆ

ಆ ತಾಯಿ ಟಿಫಿನ್ ಡಬ್ಬಿಯಲ್ಲಿ ತಂದದ್ದು ಸತ್ತ ಹುಳುಗಳನ್ನಲ್ಲ, ಸಾಯುತ್ತಿದ್ದ ಹುಳುಗಳನ್ನು. ರೈತರು ಸಾಮಾನ್ಯವಾಗಿ ಸತ್ತವನ್ನೇ ತರುತ್ತಾರೆ. ಸತ್ತು ಒಂದು ದಿನವಾದ ರೇಷ್ಮೆ ಹುಳು ಕಪ್ಪಾಗಿ, ಕೊಳೆತು, ಯಾವುದರಿಂದ ಸತ್ತಿತೆಂದು ಹೇಳಲಾಗದ ಸ್ಥಿತಿಗೆ ಬಂದಿರುತ್ತದೆ. ಈಕೆ ಇನ್ನೂ ಉಸಿರಾಡುತ್ತಿದ್ದವನ್ನು ಆರಿಸಿ, ಡಬ್ಬಿಯ ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು, ಕೆಳಗೆ ಎಲೆ ಹಾಸಿ ತಂದಿದ್ದರು. ಹುಳು ಸಾಕುವುದನ್ನು ಬಲ್ಲವರು ಎಂದು ಅಷ್ಟರಿಂದಲೇ ತಿಳಿಯಿತು.

ನಾನಾಗ ಬಿಡದಿಯಿಂದ ಮಾಗಡಿಯ ಕಡೆಗೆ ಹೋಗುವ ರಸ್ತೆಯ ಊರೊಂದರಲ್ಲಿ, ರೇಷ್ಮೆ ಬೆಳೆಗಾರರಿಗೆ ಸಲಹೆ ಕೊಡುವ ಸಣ್ಣ ಕಚೇರಿಯಲ್ಲಿದ್ದೆ. ಒಂದು ಮೇಜು, ಒಂದು ಸೂಕ್ಷ್ಮದರ್ಶಕ, ಗೋಡೆಯ ಪಕ್ಕ ಬ್ಲೀಚಿಂಗ್ ಪುಡಿಯ ಚೀಲಗಳು. ಬಿಡದಿಯ ಸುತ್ತ ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದ ವರ್ಷಗಳವು. ಊರೂರಿಗೆ ಕಂಪನಿ ಬಸ್ಸು ಬಂದು ಗಂಡಸರನ್ನು ಹತ್ತಿಸಿಕೊಂಡು ಹೋಗುತ್ತಿತ್ತು. ಹುಳು ಸಾಕುವ ಕೆಲಸ ಮನೆಯ ಹೆಂಗಸರ ಪಾಲಿಗೆ ಉಳಿಯುತ್ತಿತ್ತು.

“ಹೋದ್ ಬೆಳೇಲೂ ಹಿಂಗೇ ಆಯ್ತು ಸಾ,” ಎಂದರು ಆಕೆ. “ಬಿಸ್ಲಿಗೆ ಹೋದ್ವು ಅಂದ್ಕೊಂಡ್ವಿ. ಈಗ ಬಿಸ್ಲೆಲ್ಲೈತೆ, ಮೋಡ ಮುಚ್ಕೊಂಡು ಕುಂತೈತೆ. ನಾಲ್ಕ್ನೇ ಜ್ವರದಿಂದ ಎದ್ದಾಗ ಮಲ್ಲಿಗೆ ಮೊಗ್ಗಿನಂಗಿದ್ವು. ಈಗ ಒಂದೊಂದ್ ತಟ್ಟೇಲಿ ಹಿಂಗೆ ತಲೆ ಎತ್ತಾವೆ, ಬೀಳ್ತಾವೆ.”

ಹುಳು ಪೊರೆ ಬಿಡುವುದನ್ನು ನಮ್ಮ ಕಡೆ ಜ್ವರ ಎನ್ನುತ್ತಾರೆ. ನಾಲ್ಕನೇ ಜ್ವರ ಕಳೆದ ಮೇಲೆ ವಾರದೊಳಗೆ ಹುಳು ಹಣ್ಣಾಗಿ ಗೂಡು ಕಟ್ಟಬೇಕು. ಅಷ್ಟು ದಿನ ತಿನ್ನಿಸಿದ ಸೊಪ್ಪು, ಪಟ್ಟ ಪಾಡು ಎಲ್ಲ ಆ ಒಂದು ವಾರದ ಮೇಲೆ ನಿಂತಿರುತ್ತದೆ.

ಹುಳುಗಳನ್ನು ಬಿಳಿ ಕಾಗದದ ಮೇಲೆ ಬಿಡಿಸಿಕೊಂಡು ನೋಡಿದೆ. ತಲೆಯನ್ನು ಮೇಲೆತ್ತಿ ಹಿಂದಕ್ಕೆ ಬಾಗಿಸಿದ್ದವು. ಎದೆಯ ಭಾಗ ಊದಿತ್ತು. ಬಾಯಿಂದ ಕಂದು ರಸ ಇಳಿದಿತ್ತು. ನಮ್ಮ ಕೆಲಸದಲ್ಲಿ ಮೊದಲು ಕಾಯಿಲೆಗಳನ್ನು ಒಂದೊಂದಾಗಿ ತಳ್ಳಿಹಾಕಬೇಕು. ಹಾಲು ರೋಗವಾಗಿದ್ದರೆ ಕಾಲು ಚಿವುಟಿದಾಗ ಬೆಳ್ಳಗಿನ ರಸ ಬರಬೇಕಿತ್ತು, ಬರಲಿಲ್ಲ. ಸುಣ್ಣಕಟ್ಟು ರೋಗದಲ್ಲಿ ಮೈ ಬಿರುಸಾಗುತ್ತದೆ, ಇವು ಮೆತ್ತಗಿದ್ದವು. ಸಪ್ಪೆ ರೋಗದ ಹುಳು ಮೇವು ಬಿಟ್ಟು ನಿಧಾನವಾಗಿ ಸೊರಗುತ್ತದೆ. ಇವು ಬೆಳಿಗ್ಗೆ ಚೆನ್ನಾಗಿ ತಿಂದು ಮಧ್ಯಾಹ್ನಕ್ಕೆ ಬಿದ್ದಿದ್ದವು. ಗಂಟು ರೋಗದ ಅನುಮಾನಕ್ಕೆ ಒಂದನ್ನು ನೀರಿನಲ್ಲಿ ಅರೆದು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಆ ರೋಗದ ಹೊಳೆಯುವ ಮೊಟ್ಟೆಯಾಕಾರದ ಕಣಗಳು ಎಲ್ಲೂ ಕಾಣಲಿಲ್ಲ.

ಉಳಿದದ್ದು ವಿಷ. ಆ ಮಾತನ್ನು ನಾನು ಆಗಲೇ ಹೇಳಲಿಲ್ಲ. ಹಳ್ಳಿಯಲ್ಲಿ ವಿಷ ಎಂದರೆ ಮುಂದಿನ ಪ್ರಶ್ನೆ ‘ಹೇಗೆ’ ಎಂದಲ್ಲ, ‘ಯಾರು’ ಎಂದು.

“ಮನೆಗೆ ಬಂದು ನೋಡ್ತೀನಮ್ಮ,” ಎಂದೆ.

ಅವರ ಹುಳು ಮನೆ ವಾಸದ ಮನೆಯ ಪಕ್ಕಕ್ಕೆ, ಅಂಗಳದ ಅಂಚಿನಲ್ಲಿತ್ತು. ಶೀಟಿನ ಛಾವಣಿ, ಕಿಟಕಿಗೆ, ಹುಳುವಿನ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣ ಬಾರದಂತೆ ಬಲೆ. ಬಾಗಿಲಲ್ಲಿ ಸುಣ್ಣ ಮತ್ತು ಬ್ಲೀಚಿಂಗ್ ಪುಡಿ ಬೆರೆಸಿದ ಚೀಲ ಹಾಸಿದ್ದರು. ಅದನ್ನು ತುಳಿದೇ ಒಳಗೆ ಹೋಗಬೇಕು. ಪಕ್ಕದ ಕೊಳಾಯಿಯಲ್ಲಿ ಸೋಪು ಹಚ್ಚಿ ಕೈ ತೊಳೆಯಬೇಕು. ನಾನು ತೊಳೆಯುತ್ತಿದ್ದಾಗ ಆಕೆ ಸಂಕೋಚದಿಂದಲೇ ಕೇಳಿದರು.

“ಬೀಡಿ, ಸಿಗರೇಟು ಏನಾರ ಸೇದ್ತೀರಾ ಸಾ? ಬೇಜಾರ್ ಮಾಡ್ಕೋಬ್ಯಾಡಿ. ಸೇದೋರ್ನ ಒಳಕ್ಕೆ ಬುಡಾಕಿಲ್ಲ ನಾವು. ಇವ್ರೂ ಹುಳಕ್ಕೋಸ್ಕರನೇ ಬೀಡಿ ಬುಟ್ರು.”

ಇಲ್ಲವೆಂದೆ. ಆಕೆ ಕೇಳಿದ್ದು ಸರಿಯಾಗಿಯೇ ಇತ್ತು. ರೇಷ್ಮೆ ಹುಳುವಿಗೆ ಹೊಗೆಸೊಪ್ಪಿನ ಹಾಗೆ ಬೇಗ ತಗಲುವ ವಿಷ ಕಡಿಮೆ. ಹೊಗೆಸೊಪ್ಪು ಮುಟ್ಟಿದ ಕೈಯಿಂದ ಮೇವು ಹಾಕಿದರೂ ಹುಳು ತಲೆ ಎತ್ತುತ್ತದೆ. ಹಳೆಯ ಸಾಕಣೆದಾರರ ಮನೆಗಳಲ್ಲಿ ಇದು ಮಡಿಯಷ್ಟೇ ಗಟ್ಟಿಯಾದ ನಿಯಮ. ಆದ್ದರಿಂದಲೇ ಆ ದಿನ ಹೊಗೆಸೊಪ್ಪಿನ ಯೋಚನೆಯನ್ನು ನಾನು ಕೊನೆಗೆ ಇಟ್ಟುಕೊಂಡೆ.

ಕೊಳಾಯಿಯ ಪಕ್ಕ ಒಂದು ಸೀಬೆ ಗಿಡವಿತ್ತು. ಮೇಲೆಲ್ಲ ದಟ್ಟವಾದ ಎಲೆ, ಕೆಳಗಿನ ಕೊಂಬೆ ಮಾತ್ರ ಬೋಳು. ಅಲ್ಲೇ ಕುರಿ ಕಟ್ಟುವ ಗೂಟ ಕಂಡಿತು. ಕುರಿ ಮೇಯ್ದಿರಬೇಕು ಎಂದುಕೊಂಡೆ.

ತಟ್ಟೆಗಳನ್ನು ನೋಡುತ್ತಿದ್ದಾಗ ಯಜಮಾನ ಬಂದರು. ಬಿಡದಿಯ ಕೈಗಾರಿಕಾ ಪ್ರದೇಶದ ಬಿಡಿಭಾಗದ ಕಾರ್ಖಾನೆಯೊಂದರಲ್ಲಿ ಕೆಲಸ. ಒಂದು ವಾರ ಬೆಳಗಿನ ಪಾಳಿ, ಇನ್ನೊಂದು ವಾರ ಮಧ್ಯಾಹ್ನದ್ದು. ಕಂಪನಿಯ ನೀಲಿ ಅಂಗಿಯಲ್ಲೇ ಬಾಗಿಲಾಚೆ ನಿಂತು ಕೇಳಿದರು.

“ಔಷ್ದಿ ಅಲ್ವಾ ಸಾ?”

“ಇನ್ನೂ ಹೇಳೋಕಾಗಲ್ಲ.”

“ನಂಗೊತ್ತು ಬುಡಿ. ಆ ಟಮಟಾ ತೋಟ ನೋಡಿ. ನಮ್ಮಣ್ಣಂದು. ಗಾಳಿ ಯಾವ್ ಕಡೆ ಬೀಸ್ತೈತೋ ನೋಡ್ಕೊಂಡೇ ಹೊಡೀತಾನೆ.”

ಬೇಲಿಯ ಆಚೆ ಟೊಮೆಟೊಗೆ ಕಡ್ಡಿ ನೆಡುತ್ತಿದ್ದ ಅಣ್ಣನಿಗೆ ಅದು ಕೇಳಿಸಿತು.

“ಏನ್ಲಾ ಅಂದೆ? ನಾನ್ಯಾಕ್ಲಾ ನಿನ್ ಹುಳಕ್ಕೆ ವಿಸ ಇಕ್ಲಿ? ನಿನ್ ಹುಳ ಗೂಡ್ ಕಟ್ದಿದ್ರೆ ನನ್ ಟಮಟಾ ಕೆಂಪಾಯ್ತದಾ?”

“ಪಾಲಾದಾಗಿಂದ್ಲೂ ನಿನ್ ಕಣ್ಣು ಇತ್ಲಾಗೇ ಐತೆ.”

“ಕಣ್ಣು ಬ್ಯಾಡ ಅಂದ್ರೆ ಗೋಡೆ ಕಟ್ಸು ಕಣ್ಲಾ. ಕಂಪ್ನಿ ಸಂಬ್ಳ ಬತ್ತೈತಲ್ಲ!”

ಪೊಲೀಸರಿಗೆ ಕಂಪ್ಲೇಂಟ್ ಕೊಡುವುದಾಗಿ ಯಜಮಾನ ಹೇಳಿದರು. ಪರೀಕ್ಷೆ ಮುಗಿಯುವವರೆಗೆ ತಡೆಯಿರಿ ಎಂದು ಕೇಳಿಕೊಂಡೆ. ಒಪ್ಪಿದರು, ಮನಸ್ಸಿಲ್ಲದೆ.

ಪರೀಕ್ಷೆ ಸರಳವಾದದ್ದು, ತಾಳ್ಮೆ ಬೇಕು ಅಷ್ಟೆ. ಸೊಪ್ಪು ಎಲ್ಲೆಲ್ಲಿಂದ ಬಂದು ಹುಳುವಿನ ಬಾಯಿ ಸೇರುತ್ತದೋ ಅಲ್ಲೆಲ್ಲ ಸ್ವಲ್ಪ ಸ್ವಲ್ಪ ತೆಗೆದು ಬೇರೆ ಬೇರೆ ಚೀಲಕ್ಕೆ ಹಾಕಿಕೊಳ್ಳಬೇಕು. ಟೊಮೆಟೊ ತೋಟದ ಬೇಲಿಗೆ ತಾಗಿದ ಸಾಲಿನದ್ದು, ಇವರ ಹಿಪ್ಪುನೇರಳೆ ತೋಟದ ನಡುವಿನದ್ದು, ರಸ್ತೆಯ ಧೂಳು ಬೀಳುವ ಅಂಚಿನದ್ದು, ಕೊನೆಗೆ ಹುಳು ಮನೆಯ ಮೂಲೆಯಲ್ಲಿ ಒದ್ದೆ ಗೋಣಿತಾಟು ಮುಚ್ಚಿ ಇಟ್ಟ ರಾಶಿಯದ್ದು. ಇನ್ನೊಬ್ಬ ಬೆಳೆಗಾರರ ಮನೆಯಿಂದ ಆರೋಗ್ಯವಾದ ಹುಳು ತಂದು, ಕಚೇರಿಯಲ್ಲಿ ಸಣ್ಣ ತಟ್ಟೆಗಳಲ್ಲಿ ಬಿಟ್ಟು, ಒಂದೊಂದಕ್ಕೆ ಒಂದೊಂದು ಚೀಲದ ಸೊಪ್ಪು ಕೊಟ್ಟು ಕಾದೆ.

ಬೇಲಿಯ ಸಾಲಿನ ಸೊಪ್ಪು ತಿಂದ ಹುಳು ಮರುದಿನವೂ ಚುರುಕಾಗಿದ್ದವು. ಅಂಚಿನದ್ದೂ ಸರಿ, ನಡುವಿನದ್ದೂ ಸರಿ. ಗೋಣಿತಾಟಿನಡಿಯ ಸೊಪ್ಪು ತಿಂದವುಗಳಲ್ಲಿ ಮಾತ್ರ ಕೆಲವು ತಲೆ ಎತ್ತಿದವು. ತೋಟದಲ್ಲಿ ಇಲ್ಲದ ವಿಷ ಮನೆಯೊಳಗೆ ಬಂದು ಸೇರಿತ್ತು. ಅಣ್ಣನ ಔಷಧಿಗೂ ಇದಕ್ಕೂ ಸಂಬಂಧವಿರಲಿಲ್ಲ.

ಅದೇ ಸಂಜೆ ಮತ್ತೆ ಹೋದೆ. ಯಜಮಾನ ಜಗಲಿಯ ಮೇಲೆ ಕುಳಿತಿದ್ದರು. ಫಲಿತಾಂಶ ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಅವರ ಮಗ ಕಾಲೇಜಿನಿಂದ ಬಂದ. ಮೊದಲ ಪಿಯುಸಿ ಓದುತ್ತಿದ್ದ, ರಾಮನಗರಕ್ಕೆ ಹೋಗಿ ಬರುತ್ತಿದ್ದ. ಮೀಸೆ ಆಗತಾನೇ ಮೂಡುತ್ತಿತ್ತು. ಅವನು ನೇರವಾಗಿ ಕೊಳಾಯಿಗೆ ಹೋಗಿ, ಮುಖ ತೊಳೆದು, ಒಳಗೊಂದು ಸುತ್ತು ಹೋಗಿ ಬಂದು ಅಪ್ಪನ ಮುಂದೆ ನಿಂತ. ಬ್ಯಾಗು ಕೆಳಗಿಟ್ಟ. ಎರಡೂ ತೋಳು ಅಗಲಿಸಿದ. ಅಪ್ಪ ಎದ್ದು ಅವನ ಅಂಗಿ ಜೇಬು, ಪ್ಯಾಂಟಿನ ಜೇಬು, ಸೊಂಟದ ಸುತ್ತ ತಟ್ಟಿ ನೋಡಿದರು. ಬ್ಯಾಗಿನ ಜಿಪ್ಪು ಎಳೆದು ಕೈ ಆಡಿಸಿದರು.

“ಊದು.”

ಹುಡುಗ ಬಾಯಿ ತೆರೆದು ಅಪ್ಪನ ಮುಖಕ್ಕೆ ಊದಿದ. ನಾಲಿಗೆ ಹೊರಗೆ ಚಾಚಿದ.

“ಹೋಗು.”

ಅವನು ಬ್ಯಾಗು ಎತ್ತಿಕೊಂಡು ಹೋದ. ನಡುವೆ ಇನ್ನೊಂದು ಮಾತೂ ಇರಲಿಲ್ಲ. ಇಬ್ಬರ ಮುಖದಲ್ಲೂ ಸಿಟ್ಟಾಗಲಿ ನಾಚಿಕೆಯಾಗಲಿ ಕಾಣಲಿಲ್ಲ. ಬಸ್ಸಿನಲ್ಲಿ ಟಿಕೆಟ್ ತೋರಿಸುವಾಗ ಇರುವಂಥ ಮುಖಗಳು. ನನ್ನ ಕೈಯಲ್ಲಿದ್ದ ಕಾಫಿ ಲೋಟವನ್ನು ಕೆಳಗಿಟ್ಟೆ. ಎಷ್ಟೋ ಮನೆಗಳಲ್ಲಿ ಮಕ್ಕಳಿಗೆ ಹೊಡೆಯುವುದನ್ನು ನೋಡಿದ್ದೆ. ಇದು ಅದಕ್ಕಿಂತ ಹೆಚ್ಚು ನನ್ನನ್ನು ಅಲ್ಲಾಡಿಸಿತು. ಯಾಕೆಂದು ಆಗ ತಿಳಿಯಲಿಲ್ಲ.

ನನ್ನ ಮುಖ ನೋಡಿ ಯಜಮಾನ ನಕ್ಕರು. “ದಿನಾ ಇದ್ದಿದ್ದೇ ಸಾ. ನಮ್ಗೂ ಗೇಟಲ್ಲಿ ದಿನಾ ತಡವ್ತಾರೆ, ಬುತ್ತಿ ಡಬ್ಬಿ ಸೈತ ಬಿಚ್ಚಿಸ್ತಾರೆ. ಅದ್ರಲ್ಲೇನೈತೆ ಅವಮಾನ? ತಪ್ ಮಾಡ್ದೋನು ಹೆದ್ರಬೇಕು.” ಆಮೇಲೆ ದನಿ ತಗ್ಗಿಸಿದರು. “ಇಲ್ಲಿ ಹುಡುಗ್ರೆಲ್ಲ ಗುಟ್ಕಾಕ್ಕೆ ಬಿದ್ದವ್ರೆ. ಮುಂಚೆ ಗೋಮಾಳದಲ್ಲಿ ಕ್ರಿಕೆಟ್ ಆಡೋವು. ಈಗ ಅದ್ಕೆ ಬೇಲಿ ಬಿತ್ತು, ಗೋಡೌನ್ ಕಟ್ತಾರಂತೆ. ಸಂಜೆಯಾದ್ರೆ ಮೋರಿ ಕಟ್ಟೆ ಮೇಲೆ ಕೂತ್ಕೊಳ್ಳೋದು, ಪೆಟ್ಟಿಗೆ ಅಂಗ್ಡೀಲಿ ಮಾಲೆಮಾಲೆ ತೂಗ್ಹಾಕಿರ್ತಾರಲ್ಲ, ಅದ್ನ ಕಿತ್ಕೊಳೋದು. ನನ್ ತಮ್ಮ ಒಬ್ನಿದ್ದ ಸಾ, ಚಿಕ್ಕೋನು. ಇದ್ನೇ ಹಾಕಿ ಹಾಕಿ ಬಾಯಿ ಹುಣ್ಣಾಗಿ ಹೋದ. ಕೊನೇಲಿ ನೀರೂ ಇಳೀತಿರ್ಲಿಲ್ಲ. ಬೆಂಗ್ಳೂರಾಸ್ಪತ್ರೇಲಿ ಪಕ್ದಲ್ಲಿದ್ದೋನು ನಾನೊಬ್ನೇ.”

“ಮಗನಿಗೆ ಇದನ್ನ ಹೇಳಿದ್ದೀರಾ?”

“ಅದ್ನೆಲ್ಲ ಏನ್ ಹೇಳಾದು ಸಾ ಮಕ್ಳಿಗೆ. ಬಾಯಿ ನೋಡಿದ್ರೆ ಸಾಲ್ದಾ?”

ಫಲಿತಾಂಶ ಹೇಳಿದೆ. ಅಣ್ಣನ ತೋಟದ ಕಡೆಯ ಸೊಪ್ಪು ಶುದ್ಧವಾಗಿದೆ, ತೊಂದರೆ ಇರುವುದು ರಾಶಿಯಲ್ಲಿ ಎಂದೆ. ಅವರು ನಂಬಲಿಲ್ಲ. “ಹಂಗಾದ್ರೆ ಒಳಕ್ಕೇ ಬಂದು ಹೊಡ್ದವ್ನೆ. ನಾಳೆ ಠಾಣೆಗೆ ಹೋಗೋದೇ,” ಎಂದು ಎದ್ದು ಊರೊಳಗೆ ಹೋದರು.

ನಾನು ಹುಳು ಮನೆಗೆ ಹೋದೆ. ತಾಯಿ ಕೊನೆಯ ತಟ್ಟೆಗಳಿಗೆ ಸೊಪ್ಪು ಹಾಕುತ್ತಿದ್ದರು. ಯಾವ ದಿನಗಳಲ್ಲಿ ಹುಳು ಹೆಚ್ಚು ಸತ್ತವು ಎಂದು ಕೇಳಿದೆ. ಆಕೆ ನೆನಪಿಸಿಕೊಂಡು ನಿಧಾನವಾಗಿ ಹೇಳಿದರು. ಹಿಂದಿನ ಬೆಳೆಯಲ್ಲಿ, ಎರಡನೇ ಜ್ವರ ಕಳೆದ ಮರಿಹುಳು ಕೊಂಡು ತಂದ ಮೊದಲ ವಾರ ಏನೂ ಆಗಿರಲಿಲ್ಲ, ಎರಡನೇ ವಾರ ಬಿದ್ದವು. ಈ ಬೆಳೆಯಲ್ಲೂ ಹಾಗೆಯೇ.

“ಮೊದಲ ವಾರ ಬೇರೆ ಏನಿತ್ತಮ್ಮ? ಬೇರೆ ಸೊಪ್ಪು, ಬೇರೆ ಜನ?”

“ಎಲ್ಲ ಅದೇ ಸಾ. ಆಗ ಇವ್ರು ಸೆಕೆಂಡ್ ಶಿಫ್ಟಲ್ಲಿದ್ರು. ನಾವು ಮಲಗಿದ್ ಮೇಲೆ ಬರೋರು.”

ಎರಡು ಬೆಳೆಯಲ್ಲೂ ಅಪ್ಪ ಸಂಜೆ ಮನೆಯಲ್ಲಿದ್ದ ವಾರ ಹುಳು ಸತ್ತಿದ್ದವು. ಇಲ್ಲದ ವಾರ ಬದುಕಿದ್ದವು. ಕೊಳಾಯಿಯಿಂದ ಒಳಗೊಂದು ಸುತ್ತು ಹೋಗಿ ಬಂದ ಹುಡುಗ ನೆನಪಾದ. ಆ ಸುತ್ತು ಹುಳು ಮನೆಯ ಕಡೆಗಿತ್ತು.

ರಾಶಿಯ ಮೇಲಿನ ಗೋಣಿತಾಟನ್ನು ಎತ್ತಿ ಅಂಚು ಅಂಚಾಗಿ ತಡವಿದೆ. ಗೋಡೆಯ ಕಡೆಯ ಮಡಿಕೆಯಲ್ಲಿ, ದಪ್ಪ ಹೊಲಿಗೆಯ ಒಳಗೆ, ಹರಿದು ಮಡಚಿದ ಗುಟ್ಕಾ ಪೊಟ್ಟಣಗಳು ಸಿಕ್ಕವು. ಅರ್ಧ ಬಾಯಿಗೆ ಹಾಕಿಕೊಂಡು ಅರ್ಧ ಉಳಿಸಿದ್ದವು. ಸೊಪ್ಪು ಬಾಡದಿರಲೆಂದು ಗೋಣಿತಾಟಿಗೆ ದಿನವೂ ನೀರು ಚಿಮುಕಿಸುತ್ತಾರೆ. ಆ ನೀರು ಪೊಟ್ಟಣದೊಳಗೆ ಇಳಿದು, ಕಂದು ರಸವಾಗಿ, ಹನಿಹನಿಯಾಗಿ ಕೆಳಗಿನ ಎಲೆಗಳ ಮೇಲೆ ಬಿದ್ದಿತ್ತು. ಆ ಮನೆಯಲ್ಲಿ ಹೊಗೆಸೊಪ್ಪು ಇರಲಾರದ ಜಾಗ ಯಾವುದೆಂದರೆ ಯಾರಾದರೂ ಹುಳು ಮನೆಯನ್ನೇ ತೋರಿಸುತ್ತಿದ್ದರು. ಆದ್ದರಿಂದ ಅಪ್ಪ ಹುಡುಕದ ಒಂದೇ ಜಾಗವೂ ಅದೇ ಆಗಿತ್ತು.

ತಾಯಿ ಪೊಟ್ಟಣಗಳನ್ನು ನನ್ನ ಕೈಯಿಂದ ತೆಗೆದುಕೊಂಡು ಸೆರಗಿನ ತುದಿಗೆ ಗಂಟು ಹಾಕಿಕೊಂಡರು. ಆ ಕೈಗೆ ಅವಸರವಿತ್ತು, ಆಶ್ಚರ್ಯವಿರಲಿಲ್ಲ.

“ನಿಮಗೆ ಗೊತ್ತಿತ್ತಾ?”

“ಬಾಯಿಗೆ ಹಾಕ್ಕೊಳಾದು ಗೊತ್ತಿತ್ತು ಸಾ. ಇಲ್ಲಿ ಮಡಗ್ತಾನೆ ಅಂತ ದೇವ್ರಾಣೆ ಗೊತ್ತಿರ್ನಿಲ್ಲ.” ಸೆರಗಿನ ಗಂಟನ್ನು ಇನ್ನೊಮ್ಮೆ ಬಿಗಿದು ಆಕೆಯೇ ಮುಂದುವರಿಸಿದರು. “ಇವ್ರು ಮೂಸೋಕ್ ಮುಂಚೆ ಸೀಬೆ ಸೊಪ್ಪು ಕಿತ್ಕೊಡ್ತೀನಿ. ಅಗ್ದು ಉಗುದ್ರೆ ವಾಸ್ನೆ ಹೋಯ್ತದೆ. ಏನ್ ಮಾಡ್ಲಿ ಸಾ, ಇರೋನು ಒಬ್ಬ. ಒದೆ ತಿನ್ನಾದ್ನ ನೋಡಾಕಾಗಾಕಿಲ್ಲ. ಬಯ್ದ್ರೆ ನನ್ ಹತ್ರಾನೂ ಮಾತ್ ಬುಟ್ಬುಡ್ತಾನೆ. ಏನೂ ಹೇಳ್ದೆ ಬುಟ್ಟೆ.”

ಹಾಗಾದರೆ ಆ ಕೆಳಗಿನ ಕೊಂಬೆಯನ್ನು ಕುರಿ ಮೇಯ್ದಿರಲಿಲ್ಲ.

“ಸೊಪ್ಪಿಗೆ ಏನೋ ಬೂಜು ಬಂದಿತ್ತು ಅಂದ್ಬುಡಿ ಸಾ,” ಎಂದು ಆಕೆ ಕೈ ಮುಗಿದರು. “ಗೋಣಿತಾಟ ಸುಟ್ಬುಡ್ತೀನಿ. ಇವ್ರಿಗೆ ಗೊತ್ತಾದ್ರೆ ಕಾಲೇಜ್ ಬುಡ್ಸಿ ಕಂಟ್ರಾಕ್ಟ್ ಲೇಬರಿಗೆ ಸೇರಿಸ್ತೀನಿ ಅಂದವ್ರೆ. ಇವ್ನು, ಹಂಗ್ ಮಾಡಿದ್ರೆ ಮನೆ ಬುಟ್ಟೋಯ್ತೀನಿ ಅಂತಾನೆ. ಹೋಗೋನೇ ಸಾ ಅವ್ನು.”

ಬೂಜು ಎಂದು ಹೇಳುವುದು ಸುಲಭವಿತ್ತು. ಗೋಣಿತಾಟು ಸುಟ್ಟರೆ ಹುಳು ಬದುಕುತ್ತವೆ, ನನ್ನ ಕೆಲಸ ಅಲ್ಲಿಗೆ ಮುಗಿಯುತ್ತದೆ. ಆದರೆ ನಾಳೆ ಒಬ್ಬ ನಿರಪರಾಧಿಯ ಮೇಲೆ ದೂರು ಹೋಗುತ್ತದೆ, ಪೊಟ್ಟಣ ಇನ್ನೊಂದು ಜಾಗ ಹುಡುಕಿಕೊಳ್ಳುತ್ತದೆ. ಯಜಮಾನನಿಗೆ ನಾನೇ ಹೇಳಿದರೆ ಜೇಬು ತಡವುವ ಕೈಗಳಿಗೆ ಇನ್ನೆರಡು ಕೈ ಸೇರಿಸಿದಂತಾಗುತ್ತದೆ. ಯೋಚಿಸಿ, “ನಾನು ಸುಳ್ಳೂ ಹೇಳಲ್ಲ, ಮೊದಲು ಹೇಳೋನೂ ನಾನಲ್ಲ,” ಎಂದೆ. ಆಕೆಗೆ ಅರ್ಥವಾಗಲಿಲ್ಲ. ಒಂದು ಪೊಟ್ಟಣ ಬೇಕೆಂದು ಕೇಳಿ ತೆಗೆದುಕೊಂಡೆ. ಗೋಣಿತಾಟನ್ನೂ ಅದರಡಿಯ ಸೊಪ್ಪನ್ನೂ ಹೊರಗೆ ಹಾಕಿಸಿದೆ.

ಮರುದಿನ ಶನಿವಾರ, ಕಾಲೇಜು ಬೇಗ ಬಿಡುತ್ತಿತ್ತು. ಹುಡುಗ ಗೆಳೆಯರೊಂದಿಗೆ ಮೋರಿ ಕಟ್ಟೆಯ ಮೇಲೆ ಕುಳಿತಿದ್ದ. ನಾನು ಸ್ಕೂಟರ್ ನಿಲ್ಲಿಸಿದ ಕೂಡಲೇ ಒಬ್ಬ ಕೂಗಿದ:

“ಲೇ, ಹುಳದ ಡಾಕ್ಟ್ರು ಬಂದ್ರು ಕಣ್ಲಾ! ಯಾರಿಗ್ಲಾ ಜ್ವರ?”

“ಇವ್ನಿಗೇ ಸಾ, ಸೂಜಿ ಚುಚ್ಚಿ. ಮೂರ್ ದಿನದಿಂದ ಸರಿಯಾಗ್ ಸೊಪ್ ತಿಂತಿಲ್ಲ!” ಎಂದ ಇನ್ನೊಬ್ಬ. ಎಲ್ಲರೂ ನಕ್ಕರು. ಹುಡುಗನೂ ನಕ್ಕ. ಅವನು ನಗುವುದನ್ನು ನೋಡಿದ್ದು ಅದೇ ಮೊದಲು.

“ನಿಮ್ಮ ಹುಳುಗಳದ್ದೇ ಕೆಲಸ ಐತೆ, ಬಾರಪ್ಪ,” ಎಂದು ಕರೆದೆ. ಹಿಂದೆ ಕೂತ.

ಕಚೇರಿಯಲ್ಲಿ ಎರಡು ತಟ್ಟೆ ಇಟ್ಟೆ. ಅವನ ಮುಂದೆಯೇ ಪೊಟ್ಟಣ ಬಿಚ್ಚಿ, ಚಿಟಿಕೆಯಷ್ಟನ್ನು ನೀರಿಗೆ ಹಾಕಿ ಕಲಕಿ, ಒಂದೆರಡು ಎಲೆಗೆ ಸವರಿದೆ. ಪೊಟ್ಟಣ ಕಂಡಾಗಲೇ ಅವನ ಮುಖ ಕೆಳಗಾಯಿತು. ಆ ಎಲೆಯನ್ನು ಒಂದು ತಟ್ಟೆಗೆ, ಒಳ್ಳೆಯ ಎಲೆಯನ್ನು ಇನ್ನೊಂದಕ್ಕೆ ಹಾಕಿದೆ. ಇಬ್ಬರೂ ಕುಳಿತು ನೋಡಿದೆವು. ಹುಳು ಅಂಚಿನಿಂದ ಕಡಿಯತೊಡಗಿದವು. ಸ್ವಲ್ಪ ಹೊತ್ತಿಗೆ ಒಂದು ತಲೆ ಎತ್ತಿತು. ಆಮೇಲೆ ಇನ್ನೊಂದು. ಬಾಯಿಂದ ಕಂದು ರಸ ಇಳಿಯಿತು.

“ಸಾಯ್ತಾವಾ ಸಾ?”

“ಹೆಚ್ಚು ತಿಂದವು ಸಾಯ್ತವೆ. ಸ್ವಲ್ಪ ತಗುಲಿದವು ಗಾಳಿಗಿಟ್ಟು ಒಳ್ಳೆ ಸೊಪ್ಪು ಕೊಟ್ರೆ ಎದ್ದು ಬರ್ತವೆ.”

ಅವನು ನಾನು ಹೇಳುವುದಕ್ಕೆ ಕಾಯಲಿಲ್ಲ. ಎದ್ದು ಮೂಲೆಯ ಬಕೆಟ್ಟಿನಲ್ಲಿ ಕೈ ತೊಳೆದ. ಸವರಿದ ಎಲೆಗಳನ್ನು ಆರಿಸಿ ತೆಗೆದ. ತಟ್ಟೆಯನ್ನು ಕಿಟಕಿಯ ಬಳಿ ಇಟ್ಟ. ಅಮ್ಮನ ಹಾಗೆಯೇ, ಹುಳುವನ್ನು ಬೆರಳಿಂದ ಹಿಡಿಯದೆ, ಎಲೆಯ ಮೇಲೆ ಹತ್ತಿಸಿಕೊಂಡು ಎತ್ತುತ್ತಿದ್ದ.

“ಅಪ್ಪಂಗೆ ಹೇಳ್ತೀರಾ?”

“ನಿಮ್ಮ ದೊಡ್ಡಪ್ಪನ ಮೇಲೆ ಕಂಪ್ಲೇಂಟ್ ಕೊಡೋಕೆ ಹೊರಟವ್ರೆ. ದೊಡ್ಡಪ್ಪಂದಲ್ಲ ಅಂತ ನಾನು ಹೇಳಲೇಬೇಕು. ಮತ್ತೆ ಯಾರದ್ದು ಅಂದ್ರೆ ನನ್ನ ಹತ್ರ ಉತ್ತರ ಇರುತ್ತೆ. ಅದನ್ನ ನಾನೇ ಹೇಳೋ ಹಂಗೆ ಮಾಡಬೇಡ.”

ಅವನು ಕಿಟಕಿಯಿಂದಾಚೆ ನೋಡುತ್ತಾ ನಿಂತ. ಆಮೇಲೆ ತಟ್ಟೆಯ ಕಡೆಗೆ ಇನ್ನೊಮ್ಮೆ ಬಗ್ಗಿ ನೋಡಿ ಹೊರಟ. ನಡೆದೇ ಹೋದ. ಮನೆಯ ದಾರಿ ಹಿಡಿದನೋ ಬಸ್ಸಿನ ದಾರಿಯೋ ಬಾಗಿಲಿಂದ ಕಾಣುತ್ತಿರಲಿಲ್ಲ. ಎದ್ದು ಹೋಗಿ ನೋಡಬೇಕೆನ್ನಿಸಿತು. ನೋಡಲಿಲ್ಲ.

ಸಂಜೆ ಅಂಗಳದಲ್ಲಿ ಯಜಮಾನ ಒಗೆದ ಅಂಗಿ ತೊಟ್ಟು ಹೊರಡಲು ಸಿದ್ಧರಾಗಿದ್ದರು. ಅಣ್ಣ ಬೇಲಿಯ ಹತ್ತಿರ ನಿಂತು, “ಹೋಗ್ಲಾ, ಹೋಗು. ನಮ್ಮಪ್ಪನ ಹೆಸ್ರು ಠಾಣೇಲಿ ಬರ್ಸಿ ಬಾ,” ಎನ್ನುತ್ತಿದ್ದರು. ತಾಯಿ ಸೀಬೆ ಗಿಡದ ಕೆಳಗೆ, ಕೈಯಲ್ಲಿ ಎರಡೆಲೆ ಹಿಡಿದು ನಿಂತಿದ್ದರು, ಅಭ್ಯಾಸಬಲದಿಂದ ಕಿತ್ತಿರಬೇಕು. ಹುಡುಗ ಇನ್ನೂ ಬಂದಿರಲಿಲ್ಲ.

“ಹೇಳಿ ಸಾ, ಇವ್ನ ಎದುರ್ಗೇ ಹೇಳಿ,” ಎಂದರು ಯಜಮಾನ.

“ನಿಮ್ಮಣ್ಣಂದಲ್ಲ.”

“ಮತ್ಯಾರ್ದು?”

ಉತ್ತರ ಹೇಳುವ ಹೊತ್ತು ಬಂದಿತ್ತು. ಅಷ್ಟರಲ್ಲಿ ಹುಡುಗ ಬೀದಿಯ ತಿರುವಿನಲ್ಲಿ ಕಂಡ. ಬೇಗ ಬೇಗ ನಡೆದು ಬಂದ. ಅಮ್ಮ ಎಲೆ ಹಿಡಿದ ಕೈಯನ್ನು ಸ್ವಲ್ಪ ಮುಂದೆ ಮಾಡಿದರು. ಅವನು ಅವರನ್ನು ದಾಟಿ, ಕೊಳಾಯಿಯನ್ನೂ ದಾಟಿ, ಅಪ್ಪನ ಮುಂದೆ ನಿಂತ. ತೋಳು ಅಗಲಿಸಲಿಲ್ಲ. ಯಾರೂ ಕೇಳದೆ ಬಾಯಿ ತೆರೆದು ಊದಿದ.

ಗುಟ್ಕಾದ ವಾಸನೆಗೆ ಯಜಮಾನ ಒಂದು ಹೆಜ್ಜೆ ಹಿಂದೆ ಸರಿದರು. ಅವರ ಕೈ ಮೇಲೆದ್ದಿತು.

“ಹೊಡೀರಿ,” ಎಂದರು ತಾಯಿ ಗಿಡದ ಕೆಳಗಿನಿಂದಲೇ. “ಮೊದ್ಲು ನಂಗೆ ಹೊಡೀರಿ. ದಿನ್ವೂ ಸೀಬೆ ಸೊಪ್ಪು ಕಿತ್ಕೊಟ್ಟೋಳು ನಾನು.”

“ಹುಳಾನೂ ನಾನೇ ಸಾಯಿಸ್ದೆ,” ಎಂದ ಹುಡುಗ. ಮಾತು ಸ್ಪಷ್ಟವಿತ್ತು. “ದೊಡ್ಡಪ್ಪ ಏನೂ ಮಾಡಿಲ್ಲ. ಗೋಣಿತಾಟಿನ್ ಒಳಗೆ ಮಡಗಿದ್ದೆ.”

“ಅಲ್ಲಿಗ್ಯಾಕ್ಲಾ? ಅಲ್ಲಿಗ್ಯಾಕೆ?”

“ನೀನು ಬ್ಯಾರೆ ಎಲ್ಲಾ ಕಡೆ ನೋಡ್ತೀಯ.”

ಎತ್ತಿದ ಕೈ ಇಳಿಯಿತು. ಎಲ್ಲಿಗೂ ಬೀಳಲಿಲ್ಲ, ಸುಮ್ಮನೆ ಇಳಿಯಿತು. ಹುಡುಗ ಇನ್ನೂ ಮುಗಿಸಿರಲಿಲ್ಲ.

“ದಿನಾ ಬಾಯಿ ಮೂಸ್ತೀಯ. ಒಂದ್ ದಿನ, ಉಂಡ್ಯೇನ್ಲಾ ಅಂತ ಕೇಳಿದ್ದೀಯಾ?”

ಯಜಮಾನ ಜಗಲಿಯ ಮೇಲೆ ಕುಳಿತರು. ಆಮೇಲೆ ಅವರು ನೆಲ ನೋಡುತ್ತಾ, ಹಿಂದಿನ ಸಂಜೆ ನನಗೆ ಹೇಳಿದ್ದನ್ನೇ ಮಗನಿಗೆ ಹೇಳಿದರು. ನನಗೆ ಹೇಳುವಾಗ ಮೂರು ಮಾತಿನಲ್ಲಿ ಮುಗಿದಿತ್ತು. ಈಗ ಮುಗಿಯಲಿಲ್ಲ. ತಮ್ಮನ ಬಾಯಿ ತೆರೆಯದೆ ಹೋದದ್ದು, ಚಮಚದ ಹಿಡಿಯಿಂದ ಗಂಜಿ ಇಳಿಸುತ್ತಿದ್ದದ್ದು, ಆ ವಾಸನೆ. “ಆ ವಾಸ್ನೆ ಬತ್ತದಾ ಅಂತ ದಿನಾ ಮೂಸ್ತೀನಿ ಕಣ್ಲಾ ನಾನು,” ಎಂದರು. ಅಣ್ಣ ಯಾವಾಗ ಬೇಲಿ ದಾಟಿ ಬಂದರೋ, ಅವರ ಪಕ್ಕದಲ್ಲಿ ಕೂತಿದ್ದರು.

“ನಂಗ್ಯಾರೂ ಹೇಳ್ನಿಲ್ಲ,” ಎಂದ ಹುಡುಗ. “ಚಿಕ್ಕಪ್ಪ ಹೊಟ್ಟೆನೋವಿಂದ ಹೋದ್ರು ಅಂದಿದ್ರಿ.”

ಕೊನೆಗೆ ಯಜಮಾನ ನನ್ನತ್ತ ತಿರುಗಿ ಕೇಳಿದರು: “ಉಳ್ದಿರವು ಉಳೀತಾವಾ ಸಾ?”

ನನಗೆ ಹೇಳಲು ಗೊತ್ತಿದ್ದದ್ದು ಅದೊಂದೇ. ಕಿಟಕಿಗಳ ಪರದೆ ಎತ್ತಿ ಗಾಳಿ ಆಡಲು ಬಿಡಿ, ತಲೆ ಎತ್ತಿದ ಹುಳುವನ್ನು ಬೇರೆ ತಟ್ಟೆಗೆ ಹಾಕಿ, ತಟ್ಟೆಯ ಹಳೆ ಸೊಪ್ಪಿನ ಹಾಸಿಗೆ ಬದಲಿಸಿ, ಗಿಡದಿಂದ ಆಗತಾನೇ ಕಿತ್ತ ಸೊಪ್ಪು ಕೊಡಿ ಎಂದೆ. ನಾಲ್ವರೂ ಕೊಳಾಯಿಗೆ ಹೋಗಿ ಸರದಿಯಂತೆ ಸೋಪು ಹಚ್ಚಿ ಕೈ ತೊಳೆದರು. ಬೇಲಿಯ ಪಕ್ಕದ ಸಾಲಿನಿಂದ ಸೊಪ್ಪು ಕುಯ್ದು ತಂದವರು ದೊಡ್ಡಪ್ಪ. ಆ ಬೆಳೆಯಲ್ಲಿ ಅರ್ಧಕ್ಕಿಂತ ಕಡಿಮೆ ಗೂಡು ಸಿಕ್ಕಿತು.

ಮುಂದಿನ ಬೆಳೆಯ ಹೊತ್ತಿಗೆ ಮಾಮೂಲಿ ತಪಾಸಣೆಗೆ ಹೋದೆ. ಹುಳು ಹಣ್ಣಾಗಿ, ಗೂಡು ಕಟ್ಟುವ ತಟ್ಟಿಗೆ, ಚಂದ್ರಿಕೆಗೆ, ಏರಿದ್ದವು. ಹೊರಗೆ ಗಾಳಿಗೆ ಒರಗಿಸಿದ್ದ ಬಿದಿರಿನ ಚಂದ್ರಿಕೆಗಳಲ್ಲಿ ಗೂಡುಗಳು ಹಳದಿಯಾಗಿ ಕಾಣತೊಡಗಿದ್ದವು. ಯಜಮಾನ ಜಗಲಿಯ ಮೇಲಿದ್ದರು. ಹುಡುಗ ಕಾಲೇಜಿನಿಂದ ಬಂದು ಬ್ಯಾಗು ಇಟ್ಟ. ಅಪ್ಪನ ಕೈ ಅಭ್ಯಾಸದಂತೆ ಅವನ ಜೇಬಿನ ಕಡೆಗೆ ಅರ್ಧ ಎದ್ದು, ಅಲ್ಲೇ ತಡೆದುಕೊಂಡಿತು.

“ಬಸ್ಸಲ್ಲಿ ಸೀಟ್ ಸಿಕ್ತೇನ್ಲಾ?”

“ಎಲ್ಲಿ, ಕೆಂಗಲ್ ಜಾತ್ರೆಗೋದಂಗೆ ತುಂಬ್ಕೊಂಡಿದ್ರು. ನಿಂತೇ ಬಂದೆ.”

“ಹೋಗು, ನಿಮ್ಮವ್ವ ಮುದ್ದೆ ಮಾಡವ್ಳೆ.”

ಹುಡುಗ ಒಳಗೆ ಹೋದ. ನಾನು ಕೈ ತೊಳೆಯಲು ಕೊಳಾಯಿಗೆ ಹೋದೆ. ಸೀಬೆ ಗಿಡದ ಕೆಳಗಿನ ಕೊಂಬೆಯಲ್ಲಿ ಉದ್ದಕ್ಕೂ ಚಿಗುರು ಬಂದಿತ್ತು, ತಿಳಿಹಸಿರು, ಬೆರಳಗಲದ ಎಲೆಗಳು. ತುದಿಯಲ್ಲಿ ಒಂದು ಕಡೆ ಮಾತ್ರ ಎರಡೆಲೆ ಕಿತ್ತ ಗುರುತು. ತೊಟ್ಟಿನ ಗಾಯ ಇನ್ನೂ ಹಸಿಯಾಗಿತ್ತು.

ತಲೆ ಎತ್ತಿದಾಗ ಯಜಮಾನ ನನ್ನ ಹಿಂದೆ ನಿಂತು ಅದೇ ಕೊಂಬೆಯನ್ನು ನೋಡುತ್ತಿದ್ದರು.

“ನೋಡ್ದೆ ಸಾ,” ಎಂದರು ಮೆಲ್ಲಗೆ. “ನೀವ್ ಬರೋಕ್ ಮುಂಚೇನೇ ನೋಡ್ದೆ.”

ಒಳಗಿನಿಂದ ತಟ್ಟೆ ಇಡುವ ಸದ್ದು ಬಂತು.

“ಕೇಳ್ತೀನಿ,” ಎಂದರು. “ಉಣ್ಲಿ. ಉಂಡ್ಮೇಲೆ ಕೇಳ್ತೀನಿ.”